ಕರಿಮಣಿಯೂ ಭಾರವಾದ ಕುತ್ತಿಗೆ

ನಮ್ಮ ದೊಡ್ಡಕ್ಕನನ್ನು ಕಣಕಟ್ಟೆಗೆ ಕೊಟ್ಟಿದ್ದಾರೆ. ಅವಳ ಮನೆಯ ನಡುಮನೆಯಲ್ಲಿ ಕನ್ನಡಿಯ ಪಕ್ಕ ಒಂದು ಮೊಳೆ ಇದೆ, ಕ್ಯಾಲೆಂಡರ್ ತೂಗುಹಾಕುವ ಮೊಳೆ. ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಹೋದಾಗ ಆ ಮೊಳೆಯಲ್ಲಿ ಅಕ್ಕನ ಕರಿಮಣಿ ಸರ ನೇತಾಡುತ್ತಿತ್ತು. ಮದುವೆಯಾದಾಗಿನಿಂದ ಅವಳು ಅದನ್ನು ಕಳಚಿದ್ದನ್ನು ನಾನು ಕಂಡಿರಲಿಲ್ಲ. ಎಣ್ಣೆನೀರು ಹಾಕಿಕೊಳ್ಳುವಾಗಲೂ ಅದು ಕುತ್ತಿಗೆಯಲ್ಲೇ ಇರುತ್ತಿತ್ತು.

"ಇದ್ಯಾಕಕ್ಕ ಇಲ್ಲಿ?" ಎಂದೆ.

"ತಾಗಿದ್ರೆ ಪ್ರಾಣ ಹೋಗುತ್ತೆ ಕಣೇ. ಮೆಲ್ಲಗೆ ಮಾತಾಡು, ಅತ್ತೆಗೆ ಕೇಳಿಸುತ್ತೆ" ಎಂದಳು. ಬರಿಗುತ್ತಿಗೆ ಯಾರ ಕಣ್ಣಿಗೂ ಬೀಳಬಾರದೆಂದು ಸೆರಗನ್ನು ಮೇಲಕ್ಕೆ ಹೊದ್ದಿದ್ದಳು. ಆದರೆ ಸೆರಗೂ ಚರ್ಮಕ್ಕೆ ತಾಗದ ಹಾಗೆ ಎರಡು ಬೆರಳಿನಿಂದ ಅದನ್ನು ಎತ್ತಿ ಹಿಡಿದುಕೊಂಡೇ ಮಾತಾಡುತ್ತಿದ್ದಳು.

ನೋವು ಶುರುವಾಗಿ ಆಗಲೇ ಐದು ತಿಂಗಳಾಗಿತ್ತು. ಮೊದಮೊದಲು ಎಂಜಲು ನುಂಗುವಾಗ ಕತ್ತಿನ ಬುಡದಲ್ಲಿ ಚುಚ್ಚಿದ ಹಾಗಾಗುತ್ತಿತ್ತಂತೆ. ಆಮೇಲೆ ಅಲ್ಲಿಂದ ದವಡೆಗೆ, ದವಡೆಯಿಂದ ಕಿವಿಗೆ ಸೆಳೆತ. ಶೀತವಿರಬೇಕೆಂದು ಮೆಣಸಿನ ಕಷಾಯ ಕುಡಿದಳು. ಕೆಪ್ಪಟೆ ಇರಬಹುದೆಂದು ಪಕ್ಕದ ಮನೆಯವರು ಅಂದಿದ್ದಕ್ಕೆ ಲೇಪ ಹಚ್ಚಿದಳು. ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ತಂದಳು. ಅರಸೀಕೆರೆಗೆ ಬಸ್ಸು ಹತ್ತಿ ಹೋದಾಗ ಒಬ್ಬರು ಗಂಟಲ ಸೋಂಕೆಂದು ಆ್ಯಂಟಿಬಯಾಟಿಕ್ ಬರೆದರು. ಹಲ್ಲಿನ ಡಾಕ್ಟರು ದವಡೆಹಲ್ಲನ್ನೆಲ್ಲ ತಟ್ಟಿ ನೋಡಿ ಹಲ್ಲು ಗಟ್ಟಿಮುಟ್ಟಾಗಿದೆ ಎಂದರು. ದವಡೆ ಸೆಳೆಯುತ್ತದೆಂದರೆ ಹೃದಯದ ತೊಂದರೆಯೂ ಇದ್ದೀತೆಂದು ಇಸಿಜಿ ಮಾಡಿಸಿದ್ದಾಯಿತು. ಅದೂ ಸರಿಯಾಗಿತ್ತು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ 11.8 ಎಂದು ಬಂತು. "ನಿಮಗೆ ಥೈರಾಯ್ಡ್ ಇದೆ" ಎಂದು 50 ಮೈಕ್ರೋಗ್ರಾಂ ಮಾತ್ರೆ ಬರೆದುಕೊಟ್ಟರು. ನೋವಿನ ಮಾತೆತ್ತಿದರೆ, "ಥೈರಾಯ್ಡ್ ನೋಯಲ್ಲಮ್ಮ. ಸುಮ್ಮನೆ ಟೆನ್ಷನ್ ಮಾಡ್ಕೋಬೇಡಿ" ಎಂದರಂತೆ.

ಬಹುಪಾಲು ರೋಗಿಗಳ ಮಟ್ಟಿಗೆ ಆ ವೈದ್ಯರ ಮಾತು ನಿಜವೇ. ಅಕ್ಕನ ಮಟ್ಟಿಗೆ ಅದು ನಿಜವಾಗಿರಲಿಲ್ಲ. ಈ ವ್ಯತ್ಯಾಸದಲ್ಲೇ ಅವಳ ಇನ್ನೂ ಒಂದು ವರ್ಷ ಕಳೆದುಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈಗ ಯಾವ ಮನೆಗೆ ಹೋದರೂ "ನನಗೂ ಥೈರಾಯ್ಡ್ ಇದೆ" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಥೈರಾಯ್ಡ್ ಎಂಬುದು ಎಲ್ಲರಿಗೂ ಇರುವ ಗ್ರಂಥಿ. ಗಂಟಲುಮಣಿಯ ಕೆಳಗೆ, ಉಸಿರುಕೊಳವೆಗೆ ಅಂಟಿಕೊಂಡು ಎಡಕ್ಕೊಂದು ಬಲಕ್ಕೊಂದು ಹಾಲೆ ಚಾಚಿ ಕೂತಿರುತ್ತದೆ. ತೂಕ 15ರಿಂದ 20 ಗ್ರಾಂ ಅಷ್ಟೇ. ಮೈ ಎಷ್ಟು ಬಿಸಿಯಿರಬೇಕು, ಎದೆ ಎಷ್ಟು ವೇಗವಾಗಿ ಬಡಿಯಬೇಕು, ತಿಂದದ್ದು ಎಷ್ಟು ಬೇಗ ಕರಗಬೇಕು, ಮುಟ್ಟು ಯಾವಾಗ ಬರಬೇಕು ಎಂಬುದರಲ್ಲೆಲ್ಲ ಅದರ ಹಾರ್ಮೋನಿನ ಕೈ ಇರುತ್ತದೆ.

ರಿಪೋರ್ಟು ನೋಡಿ ಜನ ಎಡವುವ ಜಾಗ ಇನ್ನೊಂದಿದೆ. ಟಿಎಸ್‌ಎಚ್ ಜಾಸ್ತಿ ಬಂದರೆ ಥೈರಾಯ್ಡ್ ಜಾಸ್ತಿಯಾಗಿದೆ ಎಂದುಕೊಳ್ಳುತ್ತಾರೆ. ಆಗಿರುವುದು ತಿರುಗಾಮುರುಗಾ. ಟಿಎಸ್‌ಎಚ್ ಬರುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ. ಥೈರಾಯ್ಡಿಗೆ ಕೆಲಸ ಮಾಡೆಂದು ಪಿಟ್ಯುಟರಿ ಹಾಕುವ ಕೂಗು ಅದು. ಹಿತ್ತಲಲ್ಲಿರುವವರು ಓಗೊಡದಿದ್ದರೆ ನಡುಮನೆಯಿಂದ ಮತ್ತೆ ಮತ್ತೆ ಕೂಗುತ್ತೇವಲ್ಲ, ಹಾಗೆ. ಹಾರ್ಮೋನು ಕಡಿಮೆಯಾದಷ್ಟೂ ಕೂಗು ಜೋರಾಗುತ್ತದೆ, ಟಿಎಸ್‌ಎಚ್ ಏರುತ್ತದೆ.

ಗ್ರಂಥಿ ಸೋಲುವುದಕ್ಕೆ ನಮ್ಮಲ್ಲಿ ಈಗ ದೊಡ್ಡ ಕಾರಣ ಹಶಿಮೊಟೊ ಕಾಯಿಲೆ. ಸೋಂಕಿನಿಂದ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತನ್ನ ಮೈಯ ಗ್ರಂಥಿಯನ್ನು ಹಗೆಯೆಂದು ತಿಳಿದು ಮೇಲೆ ಬೀಳುವ ಕಾಯಿಲೆ ಇದು. ಬೆಂಗಳೂರೂ ಸೇರಿ ದೇಶದ ಎಂಟು ಮಹಾನಗರಗಳ 5,376 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ನೂರರಲ್ಲಿ ಸುಮಾರು 11 ಮಂದಿಗೆ ಥೈರಾಯ್ಡ್ ಹಾರ್ಮೋನಿನ ಕೊರತೆ ಇತ್ತು. ಗ್ರಂಥಿಯ ವಿರುದ್ಧ ಮೈಯೇ ತಯಾರಿಸುವ ಪ್ರತಿಕಾಯ, ಅಂದರೆ ಲ್ಯಾಬಿನವರು ಆಂಟಿ ಟಿಪಿಒ ಎನ್ನುವುದು, ನೂರರಲ್ಲಿ ಸುಮಾರು 22 ಮಂದಿಯ ರಕ್ತದಲ್ಲಿತ್ತು. ಹೆಂಗಸರಲ್ಲಿ ಈ ಕಾಯಿಲೆ ಗಂಡಸರಿಗಿಂತ ಹಲವು ಪಟ್ಟು ಹೆಚ್ಚು.

ಕಾಯಿಲೆಗೆ ಹೆಸರು ಕೊಟ್ಟ ಹಶಿಮೊಟೊ ಹಕಾರು ಜಪಾನಿನ ಶಸ್ತ್ರವೈದ್ಯ. ಫುಕುವೊಕಾದ ಕ್ಯೂಷು ವಿಶ್ವವಿದ್ಯಾಲಯದಲ್ಲಿದ್ದಾಗ ನಾಲ್ವರು ಹೆಂಗಸರ ಕತ್ತಿನಿಂದ ತೆಗೆದ ಗ್ರಂಥಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಗ್ರಂಥಿಯ ತುಂಬ ರಕ್ತದ ಬಿಳಿಕಣಗಳಾದ ಲಿಂಫೊಸೈಟುಗಳು ತುಂಬಿಕೊಂಡಿದ್ದವು. ಅದನ್ನು 1912ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಬರೆದರು. ಆಗ ಅವರಿಗೆ ಮೂವತ್ತು ದಾಟಿತ್ತಷ್ಟೆ. ಆಮೇಲೆ ತಮ್ಮೂರು ಇಗಾಕ್ಕೆ ಮರಳಿ ಅಲ್ಲಿನ ಜನಕ್ಕೆ ಔಷಧಿ ಕೊಡುತ್ತ ಉಳಿದರು. 1934ರಲ್ಲಿ ಟೈಫಾಯ್ಡಿನಿಂದ ತೀರಿಕೊಂಡರು. ಅವರು ಕಂಡದ್ದು ಮೈ ತನ್ನ ಮೇಲೇ ಹೂಡುವ ಯುದ್ಧವೆಂದು ಲೋಕಕ್ಕೆ ತಿಳಿದದ್ದು 1956ರಲ್ಲಿ, ಲಂಡನ್ನಿನ ಡೆಬೊರಾ ಡೋನಿಯಾಕ್, ಐವನ್ ರಾಯ್ಟ್ ಮತ್ತು ಜೊತೆಯವರು ರೋಗಿಗಳ ರಕ್ತದಲ್ಲಿ ಗ್ರಂಥಿಯ ವಿರುದ್ಧದ ಪ್ರತಿಕಾಯಗಳನ್ನು ಹಿಡಿದಾಗ. ಒಂದು ಊರಿನ ವೈದ್ಯ ಕಂಡದ್ದರ ಅರ್ಥ ಹೊರಬೀಳಲು ನಲವತ್ತನಾಲ್ಕು ವರ್ಷ ಬೇಕಾಯಿತು. ಅಕ್ಕನ ಕಾಯಿಲೆಯ ಬೆನ್ನು ಹತ್ತಿ ಓದುವಾಗ ನನಗೆ ತುಂಬ ಹತ್ತಿರದವರೆನಿಸಿದ್ದು ಈ ಹಶಿಮೊಟೊ.

ಈ ಕಾಯಿಲೆ ಸಾಮಾನ್ಯವಾಗಿ ಸದ್ದಿಲ್ಲದೆ ಬರುತ್ತದೆ. ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು, ಕೂದಲು ಉದುರುವುದು, ಮುಟ್ಟಿನ ಏರುಪೇರು, ಮೈ ಊದುವುದು. ಗ್ರಂಥಿ ದಪ್ಪವಾದರೂ ಒತ್ತಿದರೆ ರಬ್ಬರಿನ ಹಾಗಿರುತ್ತದೆ, ನೋಯುವುದಿಲ್ಲ. ವೈದ್ಯರ ಬಾಯಲ್ಲಿ ನೋಯದ ಹಶಿಮೊಟೊ ನಿಂತುಬಿಟ್ಟಿರುವುದು ಇದರಿಂದಲೇ. ಆದರೆ ನೋಯುವ ಹಶಿಮೊಟೊ ಇದೆ. ಅಪರೂಪ, ಆದರೂ ಇದೆ. ವೈದ್ಯಕೀಯ ಪತ್ರಿಕೆಗಳಲ್ಲಿ ಒಂದೊಂದೇ ರೋಗಿಯ ವಿವರವಾಗಿ ಅದು ದಾಖಲಾಗುತ್ತ ಬಂದಿದೆ. ಗ್ರಂಥಿ ಬೇಗಬೇಗ ಊದಿಕೊಂಡಾಗ ಅದರ ಮೇಲಿನ ತೆಳು ಪೊರೆ ಹಿಗ್ಗಿ ನೋವು ಬರುತ್ತದೆಂಬುದು ಒಂದು ವಿವರಣೆ.

ನಮ್ಮ ಹಳಬರಿಗೂ ನೋಯುವ ಗಂಟಲಬಾವು ಗೊತ್ತಿತ್ತು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗಳಗಂಡವನ್ನು ಮೂರು ಬಗೆಯಾಗಿ ಹೇಳಿದೆ. ವಾತದಿಂದ ಬಂದದ್ದಕ್ಕೆ ಚುಚ್ಚುವ ನೋವಿರುತ್ತದೆ, ಕಫದಿಂದ ಬಂದದ್ದಕ್ಕೆ ನೋವು ಕಡಿಮೆ. ಅದನ್ನು ಹಶಿಮೊಟೊ ಎಂದು ಹೆಸರಿಸಲು ನಾನು ಹೋಗುವುದಿಲ್ಲ. ಕತ್ತಿನ ಬಾವು ಕಂಡರೆ ನೋಯುತ್ತದೋ ಇಲ್ಲವೋ ಎಂದು ಮುಟ್ಟಿ ಕೇಳುವ ಪದ್ಧತಿ ಎಷ್ಟು ಹಳೆಯದು ಎಂದಷ್ಟೇ ಹೇಳುತ್ತಿದ್ದೇನೆ. ಅಕ್ಕನನ್ನು ಅಲ್ಲಿಯವರೆಗೆ ನೋಡಿದ ಯಾರೂ ಅವಳ ಕತ್ತನ್ನು ಮುಟ್ಟಿರಲಿಲ್ಲ.

ಮುಟ್ಟಿದವರು ಹಾಸನದ ಒಬ್ಬ ಹಿರಿಯ ವೈದ್ಯರು. ನಾನೇ ಕರೆದುಕೊಂಡು ಹೋಗಿದ್ದೆ. ರಿಪೋರ್ಟುಗಳ ಕಟ್ಟನ್ನು ಮುಂದಿಟ್ಟರೆ ಪಕ್ಕಕ್ಕೆ ಸರಿಸಿದರು. "ಕರಿಮಣಿ ಎಲ್ಲಮ್ಮಾ?" ಎಂಬುದು ಅವರ ಮೊದಲ ಪ್ರಶ್ನೆ. ಅಕ್ಕ ತಲೆ ತಗ್ಗಿಸಿ, "ತಾಗಿದ್ರೆ ನೋಯುತ್ತೆ ಸಾರ್, ಬಿಚ್ಚಿಟ್ಟಿದೀನಿ" ಎಂದಳು. ಅವರು ಎದ್ದು ಬಂದು ಅವಳ ಹಿಂದೆ ನಿಂತು, ಎರಡು ಕೈಯ ಬೆರಳುಗಳನ್ನೂ ಮುಂಗತ್ತಿನ ಮೇಲೆ ಹೂವಿನ ಹಾಗೆ ಇಟ್ಟು, ಒಂದು ಲೋಟ ನೀರು ಕೊಟ್ಟು ನುಂಗಲು ಹೇಳಿದರು. ನುಂಗಿದಾಗ ಥೈರಾಯ್ಡ್ ಗಂಟಲಿನ ಜೊತೆ ಮೇಲೇರಿ ಇಳಿಯುತ್ತದೆ. ಕತ್ತಿನ ಬೇರೆ ಗಂಟುಗಳಲ್ಲಿ ಹೆಚ್ಚಿನವು ಹಾಗೆ ಆಡುವುದಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. "ನೋವು ಇಲ್ಲೇ ಇದೆ. ಗ್ರಂಥಿಯೇ ನೋಯ್ತಿರೋದು. ನಿಮ್ಮ ಮನಸ್ಸಲ್ಲ" ಎಂದರು. ಮನೆಗೆ ಬರುವಾಗ ಬಸ್ಸಿನಲ್ಲಿ ಅಕ್ಕ ಮತ್ತೆ ಮತ್ತೆ ಹೇಳಿದ್ದು ಆ ಕೊನೆಯ ಮಾತನ್ನೇ.

ಅಕ್ಕನ ಮನೆಯ ಅಟ್ಟದಲ್ಲಿ ಕೊಬ್ಬರಿಗೆಂದು ಇಟ್ಟ ತೆಂಗಿನಕಾಯಿ ತಿಂಗಳುಗಟ್ಟಲೆ ಮಲಗಿರುತ್ತವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಿಟುಕಾಯಿತೇ ಎಂದು ಅವಳು ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ಹೇಳಬಲ್ಲಳು, ಒಡೆಯಬೇಕಿಲ್ಲ. ಆ ಹಿರಿಯರ ಕೈಯನ್ನು ಅವಳು ನಂಬಿದ್ದು ಅದಕ್ಕೇ ಎನಿಸುತ್ತದೆ. ಕೈಯಲ್ಲಿ ತಿಳಿಯುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು.

ಗ್ರಂಥಿ ನೋಯುತ್ತಿದೆ ಎಂದು ಗೊತ್ತಾದ ಮೇಲೆ ಯಾಕೆ ಎಂಬುದು ಉಳಿಯಿತು. ನೋಯುವ ಥೈರಾಯ್ಡಿಗೆ ಮೊದಲು ಶಂಕಿಸಬೇಕಾದದ್ದು ಹಶಿಮೊಟೊ ಅಲ್ಲ, ಡಿ ಕೆರ್ವೈನ್ ಥೈರಾಯ್ಡೈಟಿಸ್. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕೆರ್ವೈನ್ 1904ರಲ್ಲಿ ವಿವರಿಸಿದ ಕಾಯಿಲೆ ಅದು. ನೆಗಡಿ ಜ್ವರ ಬಂದು ಹೋದ ಕೆಲವು ವಾರಗಳಿಗೆ ಕತ್ತಿನ ಒಂದು ಕಡೆ ನೋವು ಶುರುವಾಗಿ ಇನ್ನೊಂದು ಕಡೆಗೆ ಹರಿದುಹೋಗುತ್ತದೆ. ಮೈ ಕಾಯುತ್ತದೆ. ಮೈಯೊಳಗಿನ ಉರಿಯೂತವನ್ನು ತೋರಿಸುವ ರಕ್ತದ ಇಎಸ್‌ಆರ್ ಹಲವರಲ್ಲಿ 50 ದಾಟಿ ಏರುತ್ತದೆ. ಗ್ರಂಥಿ ಒಡೆದು ಹಾರ್ಮೋನು ಒಮ್ಮೆಲೇ ರಕ್ತಕ್ಕೆ ಸುರಿಯುವುದರಿಂದ ಮೊದಲು ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಟಿಎಸ್‌ಎಚ್ ಪಾತಾಳಕ್ಕಿಳಿಯುತ್ತದೆ. ಆಮೇಲೆ ಕೊರತೆಯ ಹಂತ, ಕೆಲವು ತಿಂಗಳ ಮೇಲೆ ಬಹುತೇಕರಲ್ಲಿ ತಾನಾಗಿಯೇ ಗುಣ. ಕೋವಿಡ್ ಕಾಲದಲ್ಲಿ ಈ ಕಾಯಿಲೆಯ ವರದಿಗಳು ಲೋಕದ ಅನೇಕ ಕಡೆಯಿಂದ ಬಂದವು. ಇದಕ್ಕೆ ನೋವಿನ ಮಾತ್ರೆ, ಬಗ್ಗದಿದ್ದರೆ ಕೆಲವು ವಾರ ಸ್ಟೀರಾಯ್ಡ್ ಸಾಕು. ಕೊರತೆಯ ಮಾತ್ರೆಯನ್ನು ಜೀವನಪರ್ಯಂತ ನುಂಗಬೇಕಾದವರು ಕೆಲವರೇ.

ಬೇರೆ ಕಾರಣಗಳೂ ಇವೆ. ಚಳಿಜ್ವರದ ಜೊತೆ ಕತ್ತು ಕೆಂಪಾಗಿ ಊದಿದರೆ ಗ್ರಂಥಿಯೊಳಗೆ ಕೀವಾಗಿರಬಹುದು. ಮಕ್ಕಳಲ್ಲಿ ಎಡಗಡೆ ಹೀಗಾದರೆ ಹುಟ್ಟಿನಿಂದಲೇ ಇರುವ ಸಣ್ಣ ಸುರಂಗವೊಂದು ಗಂಟಲಿಂದ ಅಲ್ಲಿಗೆ ಸೋಂಕು ಒಯ್ಯುತ್ತಿರುತ್ತದೆ. ಅದು ತಡಮಾಡದೆ ಆಸ್ಪತ್ರೆ ಸೇರಬೇಕಾದ ಸ್ಥಿತಿ. ಇದ್ದಕ್ಕಿದ್ದಂತೆ ಒಂದು ಕಡೆ ಸಿಡಿದ ಹಾಗೆ ನೋವು ಬಂದರೆ ಗ್ರಂಥಿಯ ಗಂಟಿನೊಳಗೆ ರಕ್ತ ಒಸರಿರಬಹುದು. ಎಲ್ಲಕ್ಕಿಂತ ಹೆದರಬೇಕಾದದ್ದು, ಹಳೆಯ ಹಶಿಮೊಟೊ ಇರುವವರ ಗ್ರಂಥಿ ವಾರಗಳಲ್ಲಿ ದಪ್ಪವಾಗಿ, ದನಿ ಗೊಗ್ಗರಾಗಿ, ನುಂಗಲು ಉಸಿರಾಡಲು ಕಷ್ಟವಾದರೆ. ಅಪರೂಪಕ್ಕೆ ಅದು ಲಿಂಫೋಮ ಎಂಬ ಕ್ಯಾನ್ಸರ್ ಆಗಿರುತ್ತದೆ. ಆ ಲಕ್ಷಣ ಕಂಡವರು ಮಾತ್ರೆ ಬದಲಿಸಿ ನೋಡುತ್ತ ಕೂರಬಾರದು.

ಅಕ್ಕನಿಗೆ ಜ್ವರವಿರಲಿಲ್ಲ. ಇಎಸ್‌ಆರ್ ಕೊಂಚವೇ ಏರಿತ್ತು. ಟಿಎಸ್‌ಎಚ್ ಇಳಿದಿರಲಿಲ್ಲ, ಏರಿತ್ತು. ನೋವು ತಿಂಗಳುಗಳೇ ಕಳೆದರೂ ಹೋಗಿರಲಿಲ್ಲ. ಕತ್ತಿನ ಸ್ಕ್ಯಾನಿಂಗಿನಲ್ಲಿ ಗ್ರಂಥಿ ಪೂರ್ತಿ ಕಪ್ಪುಕಪ್ಪಾಗಿ, ಒಡಕುಒಡಕಾಗಿ ಕಂಡಿತು. ರಕ್ತದ ಓಡಾಟ ಜಾಸ್ತಿಯಿತ್ತು. ಡಿ ಕೆರ್ವೈನ್‌ನಲ್ಲಿ ನೋಯುವ ಭಾಗಕ್ಕೆ ರಕ್ತದ ಓಡಾಟ ಕಡಿಮೆಯಿರುವುದು ಸಾಮಾನ್ಯ. ಆಂಟಿ ಟಿಪಿಒ ಲ್ಯಾಬಿನ ಅಳತೆ ಮೀರಿ ಏರಿತ್ತು. ಇಷ್ಟಾದರೂ ಆ ವೈದ್ಯರು ನಿಲ್ಲಲಿಲ್ಲ. ಸೂಜಿ ಪರೀಕ್ಷೆ ಆಗಲೇಬೇಕೆಂದರು. ಎಫ್‌ಎನ್‌ಎಸಿ ಎಂದು ಚೀಟಿಯಲ್ಲಿ ಬರೆಯುವುದು ಅದನ್ನೇ. ಸಪೂರ ಸೂಜಿಯಲ್ಲಿ ಗ್ರಂಥಿಯಿಂದ ಕೆಲವು ಜೀವಕೋಶ ಎಳೆದು ಗಾಜಿನ ಮೇಲೆ ಹರಡಿ ನೋಡುತ್ತಾರೆ. ನೋಯುವ ಕತ್ತಿಗೆ ಸೂಜಿಯೆಂದಾಗ ಅಕ್ಕ ಬಿಳಿಚಿಕೊಂಡಳು. ನನ್ನ ಕೈ ಹಿಡಿದು ಹಾಸಿಗೆಯ ಮೇಲೆ ಮಲಗಿದಳು, ಉಗುರಿನ ಗುರುತು ಎರಡು ದಿನ ಇತ್ತು. ಗಾಜಿನ ಮೇಲೆ ಕಂಡದ್ದು ನೂರು ವರ್ಷದ ಹಿಂದೆ ಫುಕುವೊಕಾದಲ್ಲಿ ಕಂಡದ್ದೇ, ಲಿಂಫೊಸೈಟುಗಳ ದಂಡು. ಡಿ ಕೆರ್ವೈನ್ ಕಾಯಿಲೆಯಲ್ಲಿ ಕಾಣುವ ದೈತ್ಯಕೋಶಗಳು ಇರಲಿಲ್ಲ. ಕ್ಯಾನ್ಸರಿನ ಸುಳಿವೂ ಇರಲಿಲ್ಲ.

ಚಿಕಿತ್ಸೆಯ ದಾರಿ ನೇರವಾಗಿರಲಿಲ್ಲ. ಥೈರಾಕ್ಸಿನ್ ಮಾತ್ರೆಯ ಪ್ರಮಾಣ ಹೆಚ್ಚಿಸಿ ಟಿಎಸ್‌ಎಚ್ ಹತೋಟಿಗೆ ತಂದರು. ನೋವಿಗೆ ಐಬುಪ್ರೊಫೆನ್ ಕೊಟ್ಟರು. ಹೊಟ್ಟೆ ಉರಿ ಬಂತೇ ಹೊರತು ನೋವು ಹೋಗಲಿಲ್ಲ. ಆಮೇಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಎರಡನೆಯ ದಿನವೇ ಅಕ್ಕ ಫೋನ್ ಮಾಡಿ, "ರಾತ್ರಿಯೆಲ್ಲ ನಿದ್ದೆ ಬಂತು ಕಣೇ" ಎಂದಳು. ಆದರೆ ಪ್ರಮಾಣ ಇಳಿಸುತ್ತ ಬಂದ ಹಾಗೆ ನೋವು ಮತ್ತೆ ತಲೆಯೆತ್ತಿತು. ಮತ್ತೆ ಏರಿಸಿದರು, ಮತ್ತೆ ಇಳಿಸಿದರು. ಮೂರು ಸಲ ಹೀಗಾಯಿತು. ಮುಖ ದುಂಡಗಾಯಿತು, ಸಕ್ಕರೆ ಏರಿತು. ಸ್ಟೀರಾಯ್ಡಿಗೆ ಕರಗುವುದು, ಬಿಟ್ಟರೆ ಮರಳುವುದು, ಇದು ನೋಯುವ ಹಶಿಮೊಟೊದಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಚಾಳಿ. ಇಲ್ಲೊಂದು ಮಾತು ಒತ್ತಿ ಹೇಳಬೇಕು. ಈ ಮಾತ್ರೆ ಹಳ್ಳಿಯ ಅಂಗಡಿಗಳಲ್ಲಿ ಚೀಟಿಯಿಲ್ಲದೆಯೂ ಸಿಕ್ಕಿಬಿಡುತ್ತದೆ, ಅಗ್ಗ, ತಕ್ಷಣ ಗುಣ ಕಾಣುತ್ತದೆ. ತಾವಾಗಿ ತಂದು ನುಂಗಿ, ತಾವಾಗಿ ಥಟ್ಟನೆ ಬಿಟ್ಟವರು ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುತ್ತಾರೆ. ಅದನ್ನು ಶುರುಮಾಡುವುದೂ ಇಳಿಸುವುದೂ ವೈದ್ಯರ ಲೆಕ್ಕದಲ್ಲೇ ಆಗಬೇಕು.

ಔಷಧಕ್ಕೆ ಬಗ್ಗದವರಿಗೆ ಉಳಿಯುವುದು ಗ್ರಂಥಿಯನ್ನೇ ತೆಗೆಯುವ ದಾರಿ. ಅಮೆರಿಕದ ಹೆಸರಾಂತ ಥೈರಾಯ್ಡ್ ತಜ್ಞ ಲೆಸ್ಲಿ ಡಿಗ್ರೂಟ್ ಸಹವೈದ್ಯರೊಬ್ಬರ ಜೊತೆ 2003ರಲ್ಲಿ ಇಂಥ ಏಳು ರೋಗಿಗಳ ಅನುಭವ ಬರೆದರು. ಮಾತ್ರೆಗೆ ಮಣಿಯದೆ ಮರುಕಳಿಸುತ್ತಿದ್ದ ನೋವಿಗೆ ಶಸ್ತ್ರಚಿಕಿತ್ಸೆಯಿಂದ ಪರಿಹಾರ ಸಿಕ್ಕಿತ್ತು. ಹಾಸನದ ಹಿರಿಯರು ಆ ಲೇಖನದ ಮುದ್ರಿತ ಪ್ರತಿಯನ್ನು ತೆಗೆದಿಟ್ಟಿದ್ದರು. ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಅಕ್ಕನಿಗೆ ಹೇಳಿದರು. ಅಪಾಯವನ್ನೂ ಬಿಡಿಸಿ ಹೇಳಿದರು. ಗ್ರಂಥಿಯ ಹಿಂಬದಿಯಲ್ಲೇ ದನಿಯ ನರ ಹಾದುಹೋಗುತ್ತದೆ. ಅಲ್ಲೇ ಕ್ಯಾಲ್ಸಿಯಂ ಕಾಯುವ ಕಾಳಿನಷ್ಟು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಊದಿ ಅಂಟಿಕೊಂಡ ಗ್ರಂಥಿಯನ್ನು ಬಿಡಿಸುವಾಗ ಇವಕ್ಕೆ ಪೆಟ್ಟಾಗಬಹುದು. ದಿನವೂ ಇಂಥ ಶಸ್ತ್ರಚಿಕಿತ್ಸೆ ಮಾಡುವ ಕೈಯೇ ಬೇಕು. ಅದಕ್ಕಾಗಿ ಬೆಂಗಳೂರಿಗೆ ಕಳಿಸಿದರು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಇದೆಯೆಂದೂ ಅದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕೆಂದೂ ತಿಳಿಸಿದರು.

ಈ ಶಸ್ತ್ರಚಿಕಿತ್ಸೆಯನ್ನು ಪ್ರಾಣಾಪಾಯದಿಂದ ಪಾರುಮಾಡಿದ್ದು ಸ್ವಿಟ್ಜರ್ಲೆಂಡಿನ ಬೆರ್ನ್ ಊರಿನ ಥಿಯೊಡೋರ್ ಕೊಖರ್. ಅವರಿಗೆ 1909ರಲ್ಲಿ ನೊಬೆಲ್ ಬಂತು. ಗ್ರಂಥಿಯನ್ನು ಪೂರ್ತಿ ತೆಗೆದವರು ಆಮೇಲೆ ಊದಿ ಮಂಕಾಗುತ್ತಾರೆಂದು 1883ರಲ್ಲೇ ಕಂಡು ನೊಂದುಕೊಂಡವರೂ ಅವರೇ. ಆ ಕಾಲಕ್ಕೆ ಬದಲಿ ಹಾರ್ಮೋನು ಇರಲಿಲ್ಲ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ ಒಬ್ಬ ಹೆಂಗಸನ್ನು ಉಳಿಸಿದರು. ಆಕೆ 28 ವರ್ಷ ಬದುಕಿದರು. ಅದಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. 1914ರ ಕ್ರಿಸ್‌ಮಸ್ ದಿನ ಎಡ್ವರ್ಡ್ ಕೆಂಡಾಲ್ ಶುದ್ಧ ಥೈರಾಕ್ಸಿನ್ ಬೇರ್ಪಡಿಸಿದರು. ಇವತ್ತು ಬೆಳ್ಳನೆಯ ಪುಟ್ಟ ಮಾತ್ರೆ ಆ ಕೆಲಸ ಮಾಡುತ್ತದೆ.

ಶಸ್ತ್ರಚಿಕಿತ್ಸೆಯಾಗಿ ಮೂರು ವಾರ ಅಕ್ಕನ ದನಿ ಪಿಸುಗುಟ್ಟುತ್ತಿತ್ತು. ಬೆರಳ ತುದಿ, ತುಟಿಯ ಸುತ್ತ ಜುಮುಗುಟ್ಟಿತು. ಕ್ಯಾಲ್ಸಿಯಂ ಕೊಟ್ಟ ಮೇಲೆ ಕೆಲವು ದಿನದಲ್ಲಿ ಅದು ನಿಂತಿತು. ಗ್ರಂಥಿಯನ್ನು ಇಡಿಯಾಗಿ ಪರೀಕ್ಷಿಸಿದ ಬಯಾಪ್ಸಿ ರಿಪೋರ್ಟಿನಲ್ಲಿ ಹಶಿಮೊಟೊ ಎಂದೇ ಬಂತು, ಬೇರೇನೂ ಇರಲಿಲ್ಲ. ಕತ್ತಿನ ನೋವು ಹೋದದ್ದು ಹೋಗಿಯೇ ಬಿಟ್ಟಿತು. ಗಾಯ ಮಾಗುವವರೆಗೆ ಕರಿಮಣಿ ಮೊಳೆಯ ಮೇಲೇ ಇತ್ತು. ಒಂದು ದಿನ ಅತ್ತೆಯೇ ಅದನ್ನು ತೆಗೆದು ಅರಿಶಿನ ಹಚ್ಚಿ ಅವಳ ಕುತ್ತಿಗೆಗೆ ಹಾಕಿದರಂತೆ.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಹಶಿಮೊಟೊ ಇರುವ ಬಹುಪಾಲು ಜನಕ್ಕೆ ಮಾತ್ರೆಯೊಂದೇ ಸಾಕು, ಸರಿಯಾಗಿ ನುಂಗಿದರೆ. ನಮ್ಮ ಕಡೆ ಎದ್ದ ಕೂಡಲೇ ಕಾಫಿ ಬೇಕು. ಕಾಫಿಯ ಜೊತೆ ನುಂಗಿದ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ. ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಇರಬೇಕು. ಪ್ರಮಾಣ ಬದಲಿಸಿದ ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿಸಬೇಕು. ಬಸುರಿಯಾದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು, ಆಗ ಮಾತ್ರೆಯ ಅಗತ್ಯ ಹೆಚ್ಚುತ್ತದೆ. ಉಪ್ಪಿನ ಬಗ್ಗೆ ಒಂದು ಗೊಂದಲವಿದೆ. ಕಾಯಿಲೆ ಬಂದಿದೆಯೆಂದು ಅಯೋಡಿನ್ ಉಪ್ಪು ಬಿಟ್ಟು ಹರಳುಪ್ಪಿಗೆ, ಸೈಂಧವ ಲವಣಕ್ಕೆ ಹೋಗುವವರಿದ್ದಾರೆ. ಅಡುಗೆಗೆ ಅಯೋಡಿನ್ ಉಪ್ಪೇ ಇರಲಿ. ಅದರಾಚೆ ಅಯೋಡಿನ್ ಮಾತ್ರೆ, ಹನಿಗಳನ್ನು ಮಾತ್ರ ತಾವಾಗಿ ನುಂಗಬಾರದು. ಅತಿಯಾದ ಅಯೋಡಿನ್ ಈ ಕಾಯಿಲೆಯನ್ನು ಕೆರಳಿಸುತ್ತದೆ.

ಈ ಯುಗಾದಿಗೆ ಕಣಕಟ್ಟೆಗೆ ಹೋಗಿದ್ದೆ. ಬೆಳಗ್ಗೆ ಆರಕ್ಕೆ ಅಕ್ಕ ಮಾತ್ರೆ ನುಂಗಿ, ಅಂಗಳ ಗುಡಿಸಿ, ಸಾರಿಸಿ, ರಂಗೋಲಿ ಮುಗಿಸಿ ಬಂದ ಮೇಲೆಯೇ ಒಲೆಯ ಮೇಲೆ ಕಾಫಿಗೆ ನೀರಿಟ್ಟಳು. ನಾನು ಒಂದು ಮಾತಿಗೆ, "ಯಾಕೋ ಬಲೇ ಸುಸ್ತು ಕಣಕ್ಕ ಇತ್ತೀಚೆಗೆ" ಎಂದೆ. ಅವಳು ಕೈ ಒರೆಸಿಕೊಂಡು ಬಂದು ನನ್ನ ಹಿಂದೆ ನಿಂತಳು. ಎರಡು ಕೈಯ ಬೆರಳುಗಳನ್ನೂ ನನ್ನ ಕತ್ತಿನ ಮೇಲಿಟ್ಟಳು. ಬೆರಳಲ್ಲಿ ಇನ್ನೂ ರಂಗೋಲಿ ಪುಡಿಯ ಒರಟಿತ್ತು.

"ನೀರು ಕುಡಿ" ಎಂದಳು. ಕುಡಿದೆ. "ನುಂಗು." ನುಂಗಿದೆ. ಇನ್ನೊಮ್ಮೆ ನುಂಗಲು ಹೇಳಿದಳು.

"ನೋಯುತ್ತಾ?"

"ಇಲ್ಲ."

"ನೋಯದಿದ್ರೂ ಸೋಮವಾರ ಹಾಸನದಲ್ಲಿ ತೋರ್ಸು. ನಂಗಿತ್ತಲ್ಲ, ನಿಂಗೂ ಬರ್ಬೋದು. ಒಂದೇ ಬಳ್ಳಿ" ಎಂದು ಒಲೆಯ ಕಡೆ ಹೋದಳು.